ಅವರೆ ಬೇರೆ, ಫೂಲ್ ಬೇರೆ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಸೊಗಡಿನ ಅವರೆಕಾಯಿಯ ರಾಶಿ. ಎಲ್ಲರೂ ಕೂತು ಸುಲಿಯುತ್ತೇವೆ. ಆದರೆ ಹೋದ ವರ್ಷ ಅಮ್ಮಿ ಅದನ್ನು ತರಲೇ ಇಲ್ಲ. ತಮ್ಮನಿಗೆ ಜಿ6ಪಿಡಿ ಕೊರತೆ ಇದೆಯೆಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿತ್ತು. ತಿನ್ನಬಾರದವುಗಳ ಪಟ್ಟಿಯಲ್ಲಿ ‘ಬ್ರಾಡ್ ಬೀನ್ಸ್’ ಎಂದಿತ್ತು. ಅದು ಅವರೆಯೇ ಎಂದುಕೊಂಡೆವು.

ಜಿ6ಪಿಡಿ ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ. ಇದರ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಆದ್ದರಿಂದ ಕೊರತೆ ಗಂಡುಮಕ್ಕಳಲ್ಲೇ ಹೆಚ್ಚು. ಬ್ರಾಡ್ ಬೀನ್ಸ್‌ನಲ್ಲಿರುವ ವೈಸಿನ್, ಕಾನ್‌ವೈಸಿನ್ ಎಂಬ ವಸ್ತುಗಳಿಂದ ಇಂಥವರ ರಕ್ತಕಣಗಳು ಒಡೆಯಬಹುದು. ಕಾಮಾಲೆ, ಕಡುಬಣ್ಣದ ಮೂತ್ರ ಇದರ ಲಕ್ಷಣಗಳು. ಇದು ಪ್ರಾಣಕ್ಕೂ ಅಪಾಯ.

ಪ್ರಥಮ ಪಿಯುಸಿಯಲ್ಲಿ ದ್ವಿನಾಮ ಪದ್ಧತಿ ಓದಿದಾಗ ನನಗೆ ಅನುಮಾನ ಬಂತು. ಬ್ರಾಡ್ ಬೀನ್ಸ್ ಎಂದರೆ ವಿಸಿಯಾ ಫಾಬಾ. ಅರಬರ ‘ಫೂಲ್’ ಅದೇ. ನಮ್ಮ ಅವರೆ ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್. ಕುಲವೇ ಬೇರೆ! ಎರಡೂ ಹೆಸರು ಬರೆದುಕೊಂಡು ಹೋಗಿ ವೈದ್ಯರನ್ನು ಕೇಳಿದೆವು. ಅವರೆ ತಿನ್ನಬಹುದು, ಮಾಮು ಸೌದಿಯಿಂದ ತರುವ ಫೂಲ್ ಡಬ್ಬಿ ಮಾತ್ರ ಬೇಡವೇ ಬೇಡ ಎಂದರು.

ಈ ವರ್ಷ ಮತ್ತೆ ಹಿತಕಿದ ಅವರೆ ಹಾಕಿದ ಗೋಷ್ಟ್ ಸಾಲನ್ ಆಯಿತು. ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹಿತಕಿ ಸಿಪ್ಪೆ ತೆಗೆಯಬೇಕು. ಮಾಂಸ ಮುಕ್ಕಾಲು ಬೆಂದ ಮೇಲೆ ಹಾಕಬೇಕು; ಮೊದಲೇ ಹಾಕಿದರೆ ಬೇಳೆ ಕರಗಿಹೋಗುತ್ತದೆ. ಹಸಿಯಾಗಿ ಮಾತ್ರ ತಿನ್ನಬಾರದು, ಚೆನ್ನಾಗಿ ಬೇಯಿಸಲೇಬೇಕು.

ತಮ್ಮ ಎರಡು ಸಲ ಹಾಕಿಸಿಕೊಂಡ. ಗೆಳೆಯರೇ, ವೈಜ್ಞಾನಿಕ ಹೆಸರುಗಳನ್ನು ಬರೀ ಅಂಕಕ್ಕಾಗಿ ಬಾಯಿಪಾಠ ಮಾಡಬೇಡಿ. ನಿಮ್ಮ ಮನೆಯಲ್ಲೂ ಇಂಥ ಪಟ್ಟಿ ಇದ್ದರೆ ಊಹಿಸಬೇಡಿ, ವೈದ್ಯರನ್ನು ಕೇಳಿ.