ಆಗಬೋಟಿನ ಪ್ರವಾಸದಲ್ಲಿ ಮನೆಮಂದಿಯ ಊಟದ ಹೊತ್ತು

ಖಾನಾಪುರ ತಾಲೂಕಿಗೆ ಸಮುದ್ರವಿಲ್ಲ. ಆದರೂ ಸಮುದ್ರದ ನಂಟು ಇಲ್ಲದೆ ಇಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ, ಇದೇ ತಾಲೂಕಿನ ಅಡವಿಯಲ್ಲಿ ಹುಟ್ಟಿದ ಮಹದಾಯಿಯು ಪಶ್ಚಿಮಕ್ಕೆ ಘಟ್ಟವಿಳಿದು, ಗೋವೆಯಲ್ಲಿ ಮಾಂಡವಿ ಎನಿಸಿಕೊಂಡು, ಪಣಜಿಯ ಬಳಿ ಕಡಲನ್ನು ಕೂಡುವಳು. ಜನರೂ ಆ ನದಿಯ ಜಾಡನ್ನೇ ಹಿಡಿಯುತ್ತಾರೆ. ಜಾಂಬೋಟಿ, ಕಣಕುಂಬಿಗಳ ಮೇಲೆ ಚೋರ್ಲಾ ಘಟ್ಟವನ್ನು ಇಳಿದರೆ ಅರ್ಧ ದಿವಸದೊಳಗೆ ಗೋವೆ. ಇಲ್ಲವೆ ಲೋಂಡಾ ಜಂಕ್ಷನ್ನಿನಲ್ಲಿ ರೇಲು ಹಿಡಿದು, ಕ್ಯಾಸಲ್‌ರಾಕ್, ದೂಧಸಾಗರಗಳನ್ನು ಹಾಯ್ದು ಬಂದರಿನ ಸೀಮೆಗೆ ತಲುಪಬಹುದು. ಆದುದರಿಂದ ಬೆಳಗಾವಿ, ಖಾನಾಪುರಗಳ ಕುಟುಂಬಗಳು ಈಚೆಗೆ ಹಡಗಿನ ವಿಹಾರಯಾತ್ರೆಯ ಮಾತನ್ನಾಡತೊಡಗಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೊದಲಿಗೂ ಹಡಗು ಇತ್ತು. ಮುಂಬಯಿಗೂ ಪಣಜಿಗೂ ನಡುವೆ ಆಗಬೋಟುಗಳು ಓಡಾಡುತ್ತಿದ್ದ ಕಾಲದಲ್ಲಿ, ಡೆಕ್ಕಿನ ಮೇಲೆ ಜಾಗ ಹಿಡಿದವರು ಚಾಪೆ ಹಾಸಿ, ಬುತ್ತಿಯ ಗಂಟು ಬಿಚ್ಚಿ, ಹಸಿದಾಗ ಉಣ್ಣುತ್ತಿದ್ದರು. ಅಂಥ ಪ್ರವಾಸಕ್ಕೆ ಊಟದ ವೇಳಾಪತ್ರಿಕೆ ಬೇಕಾಗಿರಲಿಲ್ಲ. ಈಗಿನ ವಿಹಾರದ ಹಡಗು ಬೇರೆ ತೆರನಾದುದು. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಯಾತ್ರೆಗಳನ್ನು ಆರಂಭಿಸಿದ ಕಾರ್ಡೆಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗನ್ನೇ ನೋಡಿರಿ: 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ಹನ್ನೊಂದು ಅಂತಸ್ತಿನದು, ಒಂದೂವರೆ ಸಾವಿರಕ್ಕೆ ಮಿಕ್ಕಿ ಪ್ರಯಾಣಿಕರಿಗೆ ಅದರಲ್ಲಿ ಎಡೆಯುಂಟು. ಇಷ್ಟು ಮಂದಿ ಮೂರು ಹೊತ್ತು ಉಣ್ಣತಕ್ಕ ಮನೆಯಲ್ಲಿ, ಹಸಿದಾಗ ಎಲೆ ಹಾಕಿರೆಂದರೆ ನಡೆಯುವುದೆಂತು?

ಮದುವೆಯ ಮನೆಯಲ್ಲಿ ಬಡಿಸಿ ಬಲ್ಲವರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಊಟಕ್ಕೆ ಐದು ನೂರು ಮಂದಿ, ಚಪ್ಪರದಲ್ಲಿ ಇನ್ನೂರು ಎಲೆಗಳಿಗೆ ಸ್ಥಳ; ಆಗ ಪಂಕ್ತಿಗಳನ್ನು ಮಾಡಲೇಬೇಕಷ್ಟೆ. ಹಡಗಿನವರು ಮಾಡುವುದೂ ಅದನ್ನೇ. ಸಂಪ್ರದಾಯದ ಕ್ರಮದಲ್ಲಿ ರಾತ್ರಿಯ ಊಟಕ್ಕೆ ಎರಡು ಪಂಕ್ತಿಗಳು: ಮೊದಲನೆಯದು ಸಂಜೆ ಆರರ ಸುಮಾರಿಗೆ, ಎರಡನೆಯದು ಎಂಟು–ಎಂಟೂವರೆಗೆ. ಹಡಗಿನಿಂದ ಹಡಗಿಗೆ ಈ ಹೊತ್ತು ತುಸು ಹೆಚ್ಚುಕಡಿಮೆಯಾಗುವುದು. ಒಮ್ಮೆ ಗೊತ್ತಾದ ಪಂಕ್ತಿ, ಗೊತ್ತಾದ ಮೇಜು, ಗೊತ್ತಾದ ಬಡಿಸುವವನು ಪ್ರವಾಸ ಮುಗಿಯುವವರೆಗೂ ನಿಮ್ಮವೇ. ನಾರ್ವೇಜಿಯನ್ ಕ್ರೂಸ್ ಲೈನ್ ಎಂಬ ಸಂಸ್ಥೆಯು 2000ದಲ್ಲಿ ಈ ಕಟ್ಟನ್ನು ಸಡಿಲಿಸಿ, ಬೇಕಾದ ಹೊತ್ತಿಗೆ ಬಂದು ಕೂಡ್ರುವ ಪದ್ಧತಿಯನ್ನು ತಂದಿತು. ಈಗ ಅನೇಕ ಹಡಗುಗಳಲ್ಲಿ ಎರಡೂ ಪದ್ಧತಿಗಳು ಇರುತ್ತವೆ. ಇದಲ್ಲದೆ, ತಾವೇ ತಾಟು ಹಿಡಿದುಕೊಂಡು ಹೋಗಿ ಬಡಿಸಿಕೊಳ್ಳುವ ಬಫೆಯ ಮನೆಯೊಂದು ಬೇರೆ ಇರುವುದು. ಅದು ದಿನದ ಬಹುಭಾಗ ತೆರೆದಿರುತ್ತದೆ.

ನಮ್ಮವರು ಪ್ರವಾಸಕ್ಕೆ ಹೊರಡುವಾಗ ಟಿಕೀಟು, ಬಟ್ಟೆ, ಫೋಟೋ ಇವುಗಳ ವಿಚಾರವನ್ನು ತಿಂಗಳುಗಟ್ಟಲೆ ಮಾಡುವರು. ಊಟದ ಮಾತು ಬಂದರೆ, ‘ದುಡ್ಡಿನಲ್ಲಿ ಅದೂ ಸೇರಿದೆಯಲ್ಲ!’ ಎಂದು ಕೈಬಿಟ್ಟುಬಿಡುವರು. ಟಿಕೀಟು ಕೊಡಿಸುವವನು ಪಂಕ್ತಿ ಯಾವುದೆಂದು ಕೇಳಿದರೆ, ‘ಮಕ್ಕಳಿದ್ದಾರೆ, ಮೊದಲನೆಯದೇ ಇರಲಿ’ ಎಂದು ಒಂದೇ ಉಸುರಿಗೆ ಹೇಳುವುದುಂಟು. ಮಕ್ಕಳಿರುವವರಿಗೆ ಮೊದಲ ಪಂಕ್ತಿ ಮೇಲೆಂಬುದು ಎಲ್ಲೆಡೆ ಪ್ರಚಾರದಲ್ಲಿರುವ ಸಲಹೆಯೇ ಸರಿ. ನಮ್ಮ ಕಡೆಯ ಅವಿಭಕ್ತ ಕುಟುಂಬಕ್ಕೆ ಅದು ಒಗ್ಗುವುದೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ.

ಖಾನಾಪುರದ ಒಂದು ಜೈನ ಮನೆತನವನ್ನು ಭಾವಿಸೋಣ. ಏಳು ಮಂದಿ: ಎಪ್ಪತ್ತನಾಲ್ಕು ವರ್ಷದ ಅಜ್ಜಿ, ಸಿಹಿಮೂತ್ರದ ಬೇನೆಗಾಗಿ ಇನ್ಸುಲಿನ್ ಚುಚ್ಚಿಕೊಳ್ಳುವ ಹಿರಿಯ ಮಗ, ಅವನ ಹೆಂಡತಿ, ಅವರ ಕಾಲೇಜು ಓದುವ ಮಗಳು, ಕಿರಿಯ ಮಗ ಮತ್ತು ಸೊಸೆ, ಅವರ ನಾಲ್ಕು ವರ್ಷದ ಕೂಸು. ಅಜ್ಜಿಯದು ರಾತ್ರಿಭೋಜನ ತ್ಯಾಗದ ವ್ರತ. ಮಕ್ಕಳು ಅಷ್ಟು ಕಟ್ಟುನಿಟ್ಟಿನವರಲ್ಲ. ಮನೆಯಲ್ಲಿ ರಾತ್ರಿ ಎಂಟೂವರೆಗೆ ಉಣ್ಣುವವರು.

ಅಜ್ಜಿಯಿಂದಲೇ ಆರಂಭಿಸೋಣ. ಡಿಸೆಂಬರಿನ ಮೊದಲ ಭಾಗದಲ್ಲಿ ಮುಂಬಯಿ–ಗೋವೆಗಳ ಕಡಲಿನಲ್ಲಿ ಸೂರ್ಯನು ಸಂಜೆ ಆರರ ಸುಮಾರಿಗೆ ಮುಳುಗುವನು. ಮೇ ತಿಂಗಳ ಕೊನೆಗೆ ಏಳರ ಸುಮಾರಿಗೆ. ನೇಮಸ್ಥರಾದವರು ಅಸ್ತಮಾನಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮುಂಚೆಯೇ ಊಟ ಮುಗಿಸುವರು. ಲೆಕ್ಕ ಹಾಕಿದರೆ ಡಿಸೆಂಬರಿನಲ್ಲಿ ಅಜ್ಜಿಯ ಕೈ ಐದೂ ಹತ್ತಕ್ಕೆ ತೊಳೆದಿರಬೇಕು. ಮೇ ತಿಂಗಳಲ್ಲಿಯೂ ಆರು ಗಂಟೆಯ ಪಂಕ್ತಿಗೆ ಕುಳಿತರೆ ಉಳಿಯುವುದು ಹತ್ತು–ಹನ್ನೆರಡು ನಿಮಿಷ. ಅಷ್ಟರಲ್ಲಿ ಸಾರು ಬಂದರೆ ಪುಣ್ಯ. ಹಾಗಾದರೆ ಯಾವ ಮುದುಕಿಯ ಸಲುವಾಗಿ ಮೊದಲ ಪಂಕ್ತಿಯನ್ನು ಹಿಡಿದಿದ್ದರೋ ಆಕೆಗೇ ಅದು ಕೆಲಸಕ್ಕೆ ಬಾರದು. ಆಕೆಗೆ ಬೇಕಾದುದು ನಾಲ್ಕೂವರೆಯಿಂದ ಐದರವರೆಗಿನ ಹೊತ್ತು. ಆ ಹೊತ್ತಿಗೆ ಬಫೆಯ ಮನೆಯಲ್ಲಿ ಚಹಾ, ಬಿಸ್ಕೀಟುಗಳ ಸಮಯ ನಡೆದಿರುವುದು ಸಾಮಾನ್ಯ. ಗಡ್ಡೆಗೆಣಸು, ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಿಲ್ಲದ ಅಡಿಗೆ ಆಗ ಸಿದ್ಧವಿರಬೇಕಾದರೆ ಟಿಕೀಟು ಕೊಳ್ಳುವಾಗಲೇ ಬರೆದು ತಿಳಿಸತಕ್ಕದ್ದು, ಹಡಗು ಹತ್ತಿದ ದಿವಸ ಊಟದ ಮನೆಯ ಮೇಲ್ವಿಚಾರಕನನ್ನು ಕಂಡು ಮತ್ತೊಮ್ಮೆ ನೆನಪಿಸತಕ್ಕದ್ದು. ಪಂಚಾಂಗವನ್ನೂ ಒಮ್ಮೆ ತೆರೆದು ನೋಡಿರಿ. ಅಷ್ಟಮಿ, ಚತುರ್ದಶಿಗಳು ನಡುವೆ ಬಿದ್ದರೆ ಅಜ್ಜಿಯ ನೇಮ ಬೇರೆಯಾದೀತು. ಜೈನರಿಗೆ ಮಾತ್ರವೇ ಈ ಮಾತಲ್ಲ. ಇಷ್ಟಲಿಂಗ ಪೂಜೆಯಾಗದೆ ಬಾಯಲ್ಲಿ ನೀರು ಹಾಕದವರು, ಏಕಾದಶಿಯವರು, ರೋಜಾ ಹಿಡಿಯುವವರು, ಇವರೆಲ್ಲರ ಹೊತ್ತೂ ಹಡಗಿನ ಗಡಿಯಾರದಲ್ಲಿ ತಾನಾಗಿ ಇರುವುದಿಲ್ಲ, ಇಡಿಸಬೇಕಾಗುವುದು.

ಇನ್ನು ಕೂಸು. ನಾಲ್ಕು ವರ್ಷದ ಕೂಸನ್ನು ದೀಪಾಲಂಕಾರದ ಊಟದ ಮನೆಯಲ್ಲಿ ಒಂದೂವರೆ ತಾಸು ಕೂಡ್ರಿಸುವೆವೆನ್ನುವವರು ಕೂಸನ್ನು ಕಂಡವರಲ್ಲ. ನೀರಿನಲ್ಲಿ ಆಡಿ ದಣಿದ ಅದಕ್ಕೆ ಐದಕ್ಕೆ ಹಸಿವೆ, ಎಂಟಕ್ಕೆ ನಿದ್ದೆ. ಆದುದರಿಂದ ಅಜ್ಜಿಯೂ ಮೊಮ್ಮಗುವೂ ಜೊತೆಯಾಗಿ ಐದಕ್ಕೆ ಮುಂಚೆ ಉಣ್ಣಲಿ. ಮನೆಯಲ್ಲಿ ಒಬ್ಬರ ಕೈತುತ್ತನ್ನು ಇನ್ನೊಬ್ಬರು ತಿಂದು ಬೆಳೆದವರೇ ಅವರು. ಈ ಪುಟ್ಟ ಪಂಕ್ತಿಯಲ್ಲಿ ಇಬ್ಬರಿಗೂ ಸಮಾಧಾನ. ಮಲಗುವ ಮುಂಚೆ ಕೂಸಿಗೆ ಒಂದು ಲೋಟ ಹಾಲಾದರೆ ತೀರಿತು.

ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯ ಮಗನ ವಿಷಯದಲ್ಲಿ ಎಚ್ಚರಿಕೆ ಹೆಚ್ಚು ಬೇಕು. ಕೆಲವು ಬಗೆಯ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ತಾಸು ಮುಂಚೆ ಚುಚ್ಚಿಕೊಳ್ಳುವರು, ಕೆಲವನ್ನು ಉಣ್ಣಲು ಕೂಡ್ರುವಾಗಲೇ. ಔಷಧ ಒಳಗೆ ಹೋಗಿ ಅನ್ನ ತಡವಾದರೆ ರಕ್ತದೊಳಗಿನ ಸಕ್ಕರೆ ಇಳಿದು, ಬೆವರು, ನಡುಕ, ಕಣ್ಣುಕತ್ತಲೆ ಬರುವುದು. ಮಿತಿಮೀರಿದರೆ ಎಚ್ಚರ ತಪ್ಪುವುದು. ಹಡಗಿನ ದೊಡ್ಡ ಊಟದ ಮನೆಯಲ್ಲಿ ಬಡಿಸುವ ಕ್ರಮವು ನಿಧಾನದ್ದು: ಮೊದಲು ತಟಕು, ಆಮೇಲೆ ಸಾರು, ಆಮೇಲೆ ಮುಖ್ಯ ಊಟ. ಮನೆಯಲ್ಲಿ ತಾಟಿಗೆ ಎಲ್ಲವೂ ಒಮ್ಮೆಗೇ ಬೀಳುವ ರೂಢಿಯವನು ಇಲ್ಲಿ ಅದೇ ಲೆಕ್ಕದಲ್ಲಿ ಸೂಜಿ ಹಾಕಿಕೊಂಡರೆ ಮೋಸ ಹೋಗುವನು. ಹೊರಡುವ ಮುಂಚೆಯೇ ತನ್ನ ವೈದ್ಯರನ್ನು ಕಂಡು, ಊಟ ಹೀಗೆ ತಡೆದು ತಡೆದು ಬರುವುದೆಂದು ಹೇಳಿ, ಸೂಜಿಯ ಹೊತ್ತನ್ನು ಗೊತ್ತುಮಾಡಿಸಿಕೊಳ್ಳಲಿ. ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ತಪ್ಪದೆ ಇರಲಿ. ಬಡಿಸುವವನಿಗೆ ಮೊದಲ ರಾತ್ರಿಯೇ ಸಂಗತಿ ತಿಳಿಸಿದರೆ ರೊಟ್ಟಿಯನ್ನಾದರೂ ಬೇಗ ತಂದಿಡುವನು. ಈತನಿಗೆ ಎಂಟೂವರೆಯ ಪಂಕ್ತಿಯೇ ಒಳ್ಳೆಯದು. ಮನೆಯ ಹೊತ್ತು ಅದೇ ಆದುದರಿಂದ ದಿನದ ಲೆಕ್ಕ ಕದಲುವುದಿಲ್ಲ. ಮಾಲ್ದೀವಿನಂಥ ದೂರದ ದ್ವೀಪಗಳಿಗೆ ಹೋಗುವವರು ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ತಾಸು ಹಿಂದೆ ಇರುವುದನ್ನು ನೆನಪಿಡಬೇಕು; ಲಕ್ಷದ್ವೀಪ, ಸಿಂಹಳಗಳಲ್ಲಿ ನಮ್ಮ ಹೊತ್ತೇ.

ಹೀಗೆ ನೋಡಿದರೆ ರಾತ್ರಿಯ ಊಟದಲ್ಲಿ ಏಳು ಮಂದಿಯೂ ಕೂಡುವುದು ಈ ಮನೆತನಕ್ಕೆ ಸಾಧ್ಯವಿಲ್ಲ. ಹಡಗಿನವರು ರಾತ್ರಿಯ ಊಟವನ್ನು ದೊಡ್ಡದು ಮಾಡಿ ಹೊಗಳುವರೆಂದು ನಾವು ಅದಕ್ಕೆ ಕಟ್ಟುಬೀಳಬೇಕಾದುದಿಲ್ಲ. ನಮ್ಮ ಕೂಡೂಟವು ಮಧ್ಯಾಹ್ನದ್ದಾಗಲಿ. ಹಡಗು ನಡುಗಡಲಿನಲ್ಲಿರುವ ದಿವಸಗಳಲ್ಲಿ ಬಹಳ ಕಡೆ ಮಧ್ಯಾಹ್ನವೂ ದೊಡ್ಡ ಊಟದ ಮನೆಯನ್ನು ತೆರೆದು ಕುಳಿತವರಿಗೆ ಬಡಿಸುವರು; ಬಂದರಿಗೆ ನಿಂತ ದಿವಸ ಅದು ಮುಚ್ಚಿರುವುದುಂಟು. ಯಾವ ದಿನ ಯಾವಾಗ ಎಂಬುದು ಕೋಣೆಗೆ ಬರುವ ದಿನದ ಕಾರ್ಯಕ್ರಮ ಪತ್ರಿಕೆಯಲ್ಲಿ ಇರುವುದು. ಹನ್ನೆರಡೂವರೆಗೆ ಏಳು ಕುರ್ಚಿಗಳ ಒಂದು ಮೇಜು, ಕಿಟಿಕಿಯ ಬದಿಗೆ ಸಿಕ್ಕರಂತೂ ಅಜ್ಜಿಗೆ ಸಮುದ್ರವೂ ಕಾಣುವುದು.

ಈಗ ಮನೆಯ ಹಿರಿಯ ಸೊಸೆಯ ಮಾತು. ಆಕೆಗೆ ಬೇನೆಯಿಲ್ಲ, ವ್ರತವಿಲ್ಲ, ಬೇಗ ನಿದ್ದೆಯೂ ಬರುವುದಿಲ್ಲ. ಆದುದರಿಂದ ಆಕೆಯ ಊಟದ ಹೊತ್ತು ಯಾವುದೆಂದು ಯಾರಿಗೂ ತೋಚುವುದಿಲ್ಲ. ಖಾನಾಪುರದ ಮನೆಯಲ್ಲಿ ಆಕೆಯದು ಯಾವಾಗಲೂ ಕಡೆಯ ಪಂಕ್ತಿ. ಅತ್ತೆಗೆ ಬಡಿಸಿ, ಗಂಡನಿಗೆ ಬಡಿಸಿ, ಕೂಸು ಬಿಟ್ಟದ್ದನ್ನು ಬಳಿದು, ತಳ ಹಿಡಿದ ಅನ್ನಕ್ಕೆ ಕುಳಿತುಕೊಳ್ಳುವಾಗ ಹತ್ತು ಗಂಟೆ. ಹಡಗಿನಲ್ಲಾದರೂ ಬೇರೆಯಾಗುವುದೆಂದು ನಾವು ತಿಳಿಯುತ್ತೇವೆ. ಬಫೆಯ ಮನೆಯಲ್ಲಿ ಒಂದು ಹೊತ್ತು ಕಣ್ಣಿಟ್ಟು ನೋಡಿರಿ: ಒಂದು ಕೈಯಲ್ಲಿ ಅತ್ತೆಯ ತಾಟು, ಇನ್ನೊಂದರಲ್ಲಿ ಕೂಸಿನ ಬಟ್ಟಲು, ಮೂರನೆಯ ಸಲ ಮೊಸರಿಗೆಂದು ಎದ್ದು ಹೋಗುವವಳು ಯಾರು? ಒಲೆಯೊಂದಿಲ್ಲ, ಉಳಿದ ದುಡಿಮೆಯೆಲ್ಲವೂ ದುಡ್ಡು ಕೊಟ್ಟು ಬಂದ ಜಾಗದಲ್ಲಿಯೂ ಆಕೆಯ ಬೆನ್ನು ಹತ್ತಿರುತ್ತದೆ. ಐದು ಗಂಟೆಗೆ ಅಜ್ಜಿಯ ಜೊತೆಗೆ, ಎಂಟೂವರೆಗೆ ಗಂಡನ ಜೊತೆಗೆ ಎಂದು ಎರಡು ಪಂಕ್ತಿಗಳನ್ನು ಮಾಡಿದೆವಲ್ಲ, ಅವೆರಡಕ್ಕೂ ಆಕೆಯನ್ನೇ ನಿಲ್ಲಿಸಿದರೆ ನಮ್ಮ ಏರ್ಪಾಡು ಆಕೆಯ ಕೆಲಸವನ್ನು ಇಮ್ಮಡಿಸಿದಂತೆಯೇ ಆಯಿತು.

ಆದುದರಿಂದ ಪಂಕ್ತಿಯ ಪಟ್ಟಿಯನ್ನು ಬರೆಯುವಾಗ ಯಾರು ಎಷ್ಟು ಹೊತ್ತಿಗೆ ಉಣ್ಣುವರೆಂದು ಬರೆದರೆ ಸಾಲದು. ಯಾರು ಯಾರಿಗೆ ತಂದುಕೊಡುವರು ಎಂಬುದನ್ನೂ ಬರೆಯಬೇಕು. ಐದರ ಪಂಕ್ತಿಗೆ ಒಂದು ದಿನ ಕಿರಿಯ ಮಗ, ಒಂದು ದಿನ ಕಾಲೇಜಿನ ಹುಡುಗಿ. ಬೆಳಗಿನ ಫಳಾರಕ್ಕೆ ಗಂಡನೇ ಹೆಂಡತಿಗೆ ಚಹಾ ತಂದರೆ ಹಡಗೇನೂ ಓಲಾಡಲಿಕ್ಕಿಲ್ಲ. ಹಿರಿಯ ಸೊಸೆಯು ಐದರಿಂದ ಎಂಟರವರೆಗೆ ಯಾರ ತಾಟನ್ನೂ ಮುಟ್ಟಬಾರದೆಂದು ಪಟ್ಟಿಯಲ್ಲಿಯೇ ಗೆರೆ ಎಳೆದು ಬರೆಯಿರಿ. ಬಾಯಿಮಾತಿನಲ್ಲಿ ಬಿಟ್ಟರೆ ಅದು ನಿಲ್ಲುವುದಿಲ್ಲ, ಏಕೆಂದರೆ ಮೊದಲು ಎದ್ದು ನಿಲ್ಲುವವಳು ಆಕೆಯೇ. ರಾತ್ರಿಯ ಮೇಜಿನಲ್ಲಿ ಬಡಿಸುವವನು ಆಕೆಗೆ ಬಿಸಿಯದನ್ನು ಎದುರಿಗೆ ತಂದಿಟ್ಟು, ಇನ್ನೇನು ಬೇಕೆಂದು ಕೇಳುವನು. ಎಷ್ಟೋ ಮನೆಗಳಲ್ಲಿ ಮದುವೆಯಾದಂದಿನಿಂದ ಈ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಕ್ಕಿಲ್ಲ.

ಸಣ್ಣ ಸಂಗತಿಗಳು ಒಂದೆರಡು. ಹಡಗು ಹತ್ತುವ ದಿವಸ ಊಟದ ಹೊತ್ತು ಕೆಡುವುದು ನಿಶ್ಚಯ. ಮುಂಬಯಿಯಲ್ಲಿ ಕಾಗದಪತ್ರಗಳ ತಪಾಸಣೆಗೆ ಸಾಲಿನಲ್ಲಿ ನಿಲ್ಲಬೇಕಾಗುವುದರಿಂದ ಹಿರಿಯ ಮಗನು ಅಂದಿನ ಮಧ್ಯಾಹ್ನದೂಟವನ್ನು ಊರಲ್ಲಿಯೇ ಮುಗಿಸಿಕೊಂಡು ಬಂದರೆ ಲೇಸು. ಹಡಗಿನೊಳಗೆ ಹೋದ ಮೇಲೆ, ಅಪಾಯವಾದರೆ ಎಲ್ಲಿ ಕೂಡಬೇಕೆಂಬುದನ್ನು ಕಲಿಸುವ ಕವಾಯತು ಇರುವುದು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿ ಮಗುಚಿ, 32 ಮಂದಿ ಸತ್ತ ಮೇಲೆ, ಈ ಪಾಠವನ್ನು ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮುಗಿಸಬೇಕೆಂದು ಅಂತರರಾಷ್ಟ್ರೀಯ ನಿಯಮವನ್ನು ಬಿಗಿಮಾಡಿದರು. ಅದು ಅಜ್ಜಿಯ ಊಟದ ಹೊತ್ತಿಗೇ ಬಂದರೂ ಬಿಡತಕ್ಕದ್ದಲ್ಲ. ಆಕೆಯ ತಾಟನ್ನು ಅರ್ಧ ತಾಸು ಮುಂಚೆ ತರಿಸಿರಿ. ಬಫೆಗೆ ಹೋಗುವಾಗ ಸಾಬೂನು ಹಚ್ಚಿ ಕೈ ತೊಳೆಯಿರಿ. ಹಡಗುಗಳಲ್ಲಿ ಹಬ್ಬುವ ವಾಂತಿಭೇದಿಯ ನೋರೋ ವೈರಸ್ಸಿಗೆ ಬಾಗಿಲಲ್ಲಿ ಇಟ್ಟಿರುವ ದ್ರವವು ಸಾಬೂನಿನಷ್ಟು ನಾಟುವುದಿಲ್ಲ. ಮೊದಲ ರಾತ್ರಿ ಹೊಟ್ಟೆ ತೊಳಸುವವರು ಬರಿಹೊಟ್ಟೆಯಲ್ಲಿಯೂ ಇರಬಾರದು, ಕರಿದದ್ದನ್ನೂ ತಿನ್ನಬಾರದು, ಅನ್ನ–ಮಜ್ಜಿಗೆ ಸಾಕು.

ಬಂದರಿಗೆ ಇಳಿದ ದಿವಸ ಎಲ್ಲರೂ ಹಡಗಿಗೆ ಮರಳತಕ್ಕ ಹೊತ್ತನ್ನು ಬಾಗಿಲ ಬಳಿ ಬರೆದಿರುವರು. ಯಾರ ಊಟಕ್ಕಾಗಿಯೂ ಹಡಗು ಕಾಯದು. ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಇಡಲು ಹೇಳಿ, ಕೂಲಿಗಳು ಒಯ್ಯುವರು. ಅವು ಮತ್ತೆ ಕೈಸೇರುವುದು ದಡದ ಮೇಲೆಯೇ. ಇನ್ಸುಲಿನ್ನಿನ ಚೀಲವೂ ಕೂಸಿನ ಹಾಲಿನ ಬಾಟಲಿಯೂ ಆ ಪೆಟ್ಟಿಗೆಗಳಲ್ಲಿ ಹೋಗದಿರಲಿ. ಗೋವೆಯಲ್ಲಿ ಇಳಿದು ಚೋರ್ಲಾ ಘಟ್ಟವನ್ನು ಹತ್ತುವವರು, ಗಾಡಿ ಹೊರಡುವ ಮುಂಚೆಯೇ ಅಜ್ಜಿಯ ಸಂಜೆಯ ಊಟವನ್ನು ಕಟ್ಟಿಸಿಕೊಳ್ಳಲಿ. ಕಣಕುಂಬಿ ಮುಟ್ಟುವಷ್ಟರಲ್ಲಿ ಕತ್ತಲಾಗಬಹುದು.