ಬೆಳಗಿನ ನಾಲ್ಕರಿಂದ ಮರುದಿನ ನಾಲ್ಕಕ್ಕೆ

ಜನ ತಮ್ಮ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಲೆಕ್ಕ ಹಾಕುವ ಸರ್ಕಾರಿ ಸಮೀಕ್ಷೆಯೊಂದು ನಮ್ಮಲ್ಲಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಇದನ್ನು ಇಡೀ ದೇಶದಲ್ಲಿ ಮೊದಲು ನಡೆಸಿದ್ದು 2019ರಲ್ಲಿ, ಎರಡನೆಯ ಸಲ 2024ರಲ್ಲಿ. ಈ ಸಮೀಕ್ಷೆಯ ದಿನ ಶುರುವಾಗುವುದು ಬೆಳಗಿನ ಜಾವ ನಾಲ್ಕಕ್ಕೆ, ಮುಗಿಯುವುದು ಮರುದಿನ ನಾಲ್ಕಕ್ಕೆ. ನಡುವಿನ 24 ಗಂಟೆಯನ್ನು ಅರ್ಧರ್ಧ ಗಂಟೆಯಂತೆ 48 ಭಾಗ ಮಾಡಿ, ಆರು ವರ್ಷ ತುಂಬಿದ ಪ್ರತಿಯೊಬ್ಬರೂ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳುತ್ತಾರೆ. 2024ರಲ್ಲಿ ಹೀಗೆ 4,54,192 ಜನರ ದಿನಚರಿ ದಾಖಲಾಯಿತು.

ನಾನು ತುಮಕೂರು ಸೀಮೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ರಾಷ್ಟ್ರೀಯ ಆದಾಯದ ಪಾಠ ಬಂದಾಗ 48 ಚೌಕಗಳ ಇಂಥದೇ ಹಾಳೆಯನ್ನು ಮಕ್ಕಳ ಕೈಗೆ ಕೊಟ್ಟು, ಅಪ್ಪನದೊಂದು, ಅಮ್ಮನದೊಂದು ತುಂಬಿಸಿಕೊಂಡು ಬನ್ನಿ ಎನ್ನುತ್ತೇನೆ. ಅಪ್ಪನ ಹಾಳೆ ಬೇಗ ತುಂಬುತ್ತದೆ. ತೋಟ, ಪೇಟೆ, ಗಾರೆ ಕೆಲಸ, ಆಟೋ, ಊಟ, ನಿದ್ದೆ. ಅಮ್ಮನ ಹತ್ತಿರ ಹೋದರೆ ಮೊದಲು ಬರುವ ಮಾತು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ: "ನಂದೇನ್ ಬರ್ಕೊಂತೀಯ, ನಾನೇನ್ ಕೆಲ್ಸುಕ್ ಹೋಗ್ತೀನಾ?" ಸರಿ, ಐದು ಗಂಟೆಗೆ ಏನ್ ಮಾಡ್ತಿದ್ದೆ ಹೇಳಮ್ಮ ಎಂದು ಪಟ್ಟು ಹಿಡಿದರೆ ಆಗ ಒಂದೊಂದೇ ಹೊರಬೀಳುತ್ತದೆ. ಕೊಟ್ಟಿಗೆ ಬಾಚಿದ್ದು, ಹಸುವಿಗೆ ಹಿಂಡಿ ಕಲಸಿದ್ದು, ಹಾಲು ಕರೆದು ಡೈರಿಗೆ ಕೊಟ್ಟದ್ದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟದ್ದು, ಅತ್ತೆಗೆ ಬಿಸಿನೀರು ಕಾಯಿಸಿಕೊಟ್ಟದ್ದು. ಏಳು ಗಂಟೆಯಾಗುವಷ್ಟರಲ್ಲಿ ಚೌಕದೊಳಗೆ ಅಕ್ಷರ ಹಿಡಿಸುವುದಿಲ್ಲ.

ಒಬ್ಬ ಹುಡುಗಿ ತನ್ನ ತಾಯಿಯ ರಾತ್ರಿ ಎಂಟರಿಂದ ಒಂಬತ್ತನ್ನು ಖಾಲಿ ಬಿಟ್ಟುಕೊಂಡು ಬಂದಿದ್ದಳು. ಅಮ್ಮ ಆಗ ಟಿ.ವಿ. ಮುಂದೆ ಕೂತು ಧಾರಾವಾಹಿ ನೋಡುತ್ತಾರೆ, ಮಡಿಲಲ್ಲಿ ಮೊರ ಇಟ್ಟುಕೊಂಡು ಮರುದಿನದ ಸಾರಿಗೆ ಅವರೆಕಾಯಿ ಸುಲಿಯುತ್ತಾರೆ. "ಇದನ್ನ ವಿಶ್ರಾಂತಿ ಅಂತ ಬರೀಲಾ, ಕೆಲಸ ಅಂತ ಬರೀಲಾ ಮೇಡಂ?" ಎರಡನ್ನೂ ಬರೆ ಎಂದೆ. ಹೆಂಗಸರ ಹೊತ್ತನ್ನು ಅಳೆಯುವುದು ಯಾಕೆ ಕಷ್ಟ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ದೇಶದ ಲೆಕ್ಕ ಹೀಗಿದೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು ಶೇ. 81.2, ಗಂಡಸರು ಶೇ. 26.1. ಅಂದರೆ ನಾಲ್ವರು ಗಂಡಸರಲ್ಲಿ ಮೂವರು ಇಡೀ ದಿನದಲ್ಲಿ ಒಂದು ಲೋಟವನ್ನೂ ತೊಳೆದಿಲ್ಲ. ಕೈ ಹಾಕಿದವರಲ್ಲಿಯೂ ಹೆಂಗಸು ದಿನಕ್ಕೆ 299 ನಿಮಿಷ ದುಡಿದಿದ್ದರೆ ಗಂಡಸು 97 ನಿಮಿಷ. ಐದು ವರ್ಷ ಕಳೆದು 2024ರಲ್ಲಿ ಹೆಂಗಸಿನ ಪಾಲು 289 ನಿಮಿಷಕ್ಕೆ ಇಳಿಯಿತು. ಹತ್ತು ನಿಮಿಷ ಹಗುರವಾಯಿತಲ್ಲ ಎಂದು ಸಂತೋಷಪಡುವ ಮೊದಲು ಪಕ್ಕದ ಅಂಕಿ ನೋಡಬೇಕು. ಗಂಡಸಿನದು 88 ನಿಮಿಷವಾಗಿದೆ. ಆ ಹತ್ತು ನಿಮಿಷಕ್ಕೆ ಅವನು ಹೆಗಲು ಕೊಟ್ಟಿಲ್ಲ, ತನ್ನದರಲ್ಲೂ ಒಂಬತ್ತು ಇಳಿಸಿಕೊಂಡಿದ್ದಾನೆ.

ಗಂಟೆಗಳನ್ನು ಹೀಗೆ ಎಣಿಸುವ ಕೆಲಸ ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಎಷ್ಟೋ ಮೊದಲೇ ನಡೆದಿತ್ತು. ಆ ವಿಷಯ ನಮ್ಮವರಿಗೇ ಗೊತ್ತಿಲ್ಲ ಎಂಬ ಸಂಕಟ ನನಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಮತ್ತು ಅವರ ಸಂಗಡಿಗರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಒದಗುವ ತಂತ್ರಜ್ಞಾನವನ್ನು ಹಳ್ಳಿಯನ್ನು ತಿಳಿದುಕೊಂಡೇ ಮಾಡಬೇಕು ಎನ್ನುವುದು ಅವರ ಹಟ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆ ಮಾಡಿಕೊಂಡು, ಸುತ್ತಿನ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಮನೆಮನೆಗೆ ಹೋಗಿ ವಿಚಾರಿಸಿದರು. ಸೀಮೆಎಣ್ಣೆಯನ್ನು ಲೀಟರಿನಲ್ಲಿ, ಸೌದೆಯನ್ನು ಕೆ.ಜಿ.ಯಲ್ಲಿ ಅಳೆಯಬಹುದು. ಮನುಷ್ಯನ ಮೈಶಕ್ತಿಯನ್ನು ಗಂಟೆಯಲ್ಲೇ ಅಳೆಯಬೇಕಾಯಿತು.

ಆ ಆರರಲ್ಲಿ ಒಂದು ಪುರ ಎಂಬ ಸಣ್ಣ ಹಳ್ಳಿ. ಅಲ್ಲಿನ ಒಂದು ಮನೆಗೆ ಸೌದೆ ತರಲು ದಿನಕ್ಕೆ ಸುಮಾರು ಎರಡೂವರೆ ಗಂಟೆ, ಅಡುಗೆಗೆ ಮೂರೂವರೆ ಗಂಟೆಗೂ ಮಿಕ್ಕಿ, ನೀರಿಗೆ ಒಂದೂವರೆ ಗಂಟೆ, ಹೊಲಕ್ಕೆ ಬುತ್ತಿ ಹೊರಲು ಹತ್ತಿರ ಹತ್ತಿರ ಎರಡು ಗಂಟೆ, ದನ ಕಾಯಲು ಐದೂವರೆ ಗಂಟೆ ಹೋಗುತ್ತಿತ್ತು. ಊರಿನ ಒಟ್ಟು ಮೈದುಡಿಮೆಯಲ್ಲಿ ಹೆಂಗಸರದು ಶೇ. 53, ಗಂಡಸರದು ಶೇ. 31, ಮಕ್ಕಳದು ಶೇ. 16. ಮಕ್ಕಳ ಆ ಪಾಲನ್ನು ನಾನು ತರಗತಿಯಲ್ಲಿ ಎರಡು ಸಲ ಓದಿಸುತ್ತೇನೆ. ಸ್ಕೂಲಿಗೆ ಯಾಕೆ ಬರಲಿಲ್ಲ ಎಂದು ಮೇಷ್ಟರು ಬೈಯುತ್ತಿದ್ದ ಹುಡುಗ ಹೊಲದ ಬದುವಿನಲ್ಲಿ ದನದ ಹಿಂದೆ ಇರುತ್ತಿದ್ದ.

ಈ ಲೆಕ್ಕ ಕಾಗದದಲ್ಲೇ ಉಳಿಯಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸೌದೆ ಸುಡುವುದು ಅಡುಗೆಗೇ ಎಂದು ಗೊತ್ತಾದ ಮೇಲೆ ಒಲೆಯನ್ನೇ ತಿದ್ದಿದರು. ಮೂರು ಪಾತ್ರೆ ಕೂರುವ, ಹೊಗೆಕೊಳವೆಯಿರುವ ಅಸ್ತ್ರ ಒಲೆ ಹುಟ್ಟಿತು. ನಮ್ಮ ಕಡೆಯ ಹಳೆಯ ಅಡುಗೆಮನೆಗಳಲ್ಲಿ ಅದನ್ನು ಕಂಡವರು ಈಗಲೂ ಇದ್ದಾರೆ. ಪುರದಲ್ಲಿ ಗೋಬರ್ ಗ್ಯಾಸನ್ನು ಮೊದಲು ಅಡುಗೆಗೆಂದೇ ಯೋಚಿಸಿದ್ದರು. ಊರಿನ ಸಗಣಿ ಎಲ್ಲರ ಒಲೆಗೂ ಸಾಲದು ಎಂದಾಯಿತು. ಹಾಗಾದರೆ ಇರುವ ಗ್ಯಾಸಿನಿಂದ ಏನು ಬೇಕು ಎಂದು ಊರವರನ್ನು ಕೇಳಿದರೆ ಅವರು ಬಯಸಿದ್ದು ನೀರು. 1987ರಿಂದ ಆ ಗ್ಯಾಸು ಎಂಜಿನ್ ಓಡಿಸಿತು, ಕರೆಂಟು ಕೊಟ್ಟಿತು, ಬೋರ್‌ವೆಲ್ಲಿನ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ತಂದ ಸಗಣಿಯನ್ನು ತೂಗಿ ಹಾಕಿಸಿಕೊಂಡು, ಗ್ಯಾಸು ಹೋದ ಮೇಲಿನ ಬಗ್ಗಡವನ್ನು ಗೊಬ್ಬರಕ್ಕೆಂದು ವಾಪಸು ಕೊಡುತ್ತಿದ್ದರು.

ಸಂಬಳವಿಲ್ಲದ ದುಡಿಮೆಯನ್ನು ಗಂಟೆಗಳಲ್ಲಿ ತೋರಿಸಿದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರನ್ನೂ ನೆನೆಯಬೇಕು. ಮಾಲಿನಿ ಚಾಂದ್ ಜೊತೆ ಎಪ್ಪತ್ತರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಅವರು ಮಾಡಿದ ಅಧ್ಯಯನದಲ್ಲಿ, ಸರ್ಕಾರಿ ಪಟ್ಟಿಯಲ್ಲಿ ದುಡಿಯದವರೆಂದು ಸೇರಿದ್ದ ಎಷ್ಟೋ ಹೆಂಗಸರು ದಿನವಿಡೀ ದುಡಿಯುತ್ತಿದ್ದುದು ಕಂಡುಬಂತು.

ಈಗ ನಲ್ಲಿ ಬಂದಿದೆ, ಗ್ಯಾಸ್ ಸಿಲಿಂಡರ್ ಬಂದಿದೆ, ಮಿಕ್ಸಿ ಬಂದಿದೆ. ಹಾಗಾದರೆ ಉಳಿದ ಗಂಟೆಗಳು ಎಲ್ಲಿ ಹೋದವು? ನನ್ನ ವಿದ್ಯಾರ್ಥಿಗಳು ತರುವ ಹಾಳೆಗಳಲ್ಲಿ ಅವು ಎರಡನೆಯ ಹಸುವಿಗೆ ಹೋಗಿವೆ, ಗಾರ್ಮೆಂಟ್ಸ್ ಬಸ್ಸಿಗೆ ಹೋಗಿವೆ, ಮಗುವಿನ ಹೋಂವರ್ಕಿಗೆ ಹೋಗಿವೆ. ಯಂತ್ರ ಬಿಡುವು ಮಾಡಿಕೊಟ್ಟರೂ ಆ ಬಿಡುವು ಯಾರದಾಗಬೇಕು ಎಂದು ಹೇಳುವುದು ಮನೆಯವರೇ. ಈ ಮಾತು ನಮ್ಮ ಮನೆಗಳಲ್ಲಿ ಇನ್ನೂ ನಡೆದಿಲ್ಲ ಎನ್ನುವುದು ನನ್ನ ದೂರು.

2027ರ ಜನಗಣತಿಗೆ ಮನೆ ಬಾಗಿಲಿಗೆ ಬಂದವರು ಹೆಂಡತಿ ಏನು ಮಾಡುತ್ತಾರೆ, ತಾಯಿ ಏನು ಮಾಡುತ್ತಾರೆ ಎಂದು ಕೇಳುತ್ತಾರೆ. ಜಗಲಿಯಲ್ಲಿ ಕೂತ ಗಂಡಸು ಯೋಚಿಸದೆ "ಏನಿಲ್ಲ, ಮನೇಲೇ ಇರ್ತಾಳೆ" ಎಂದುಬಿಟ್ಟರೆ ಹಾಗೆಯೇ ದಾಖಲಾಗುತ್ತದೆ. ಸಂಬಳವಿಲ್ಲದಿದ್ದರೂ ಸ್ವಂತ ಹೊಲದಲ್ಲಿ ದುಡಿಯುವುದನ್ನು, ಮನೆ ಬಳಕೆಗೇ ಆದರೂ ಹಾಲಿನ ಉತ್ಪಾದನೆಯನ್ನು 2011ರ ಜನಗಣತಿ ಕೆಲಸವೆಂದೇ ಗಣಿಸಿತ್ತು. ಆದ್ದರಿಂದ ದಯವಿಟ್ಟು ಆಕೆಯನ್ನೇ ಕರೆಯಿರಿ. ಹಸು ಸಾಕುವುದು, ಕಳೆ ಕೀಳುವುದು, ಅಂಗಡಿಯಲ್ಲಿ ಕೂರುವುದು, ಹೂ ಕಟ್ಟಿ ಮಾರುವುದು, ಎಲ್ಲವನ್ನೂ ಆಕೆಯ ಬಾಯಿಂದಲೇ ಹೇಳಿಸಿ, ಬರೆಸಿ.