ಬೀದಿಯ ಏರುತಗ್ಗು ಮತ್ತು ಎರಡು ರೇಡಿಯೋಗಳು

2024ನೆಯ ಇಸವಿ ಜುಲೈ 27ರಂದು ಓಲ್ಡ್ ರಾಜಿಂದರ್ ನಗರದಲ್ಲಿ ಮಳೆಯ ನೀರು ಒಂದು ತರಬೇತಿ ಸಂಸ್ಥೆಯ ನೆಲಮಾಳಿಗೆಗೆ ನುಗ್ಗಿ, ಅಲ್ಲಿದ್ದ ಗ್ರಂಥಾಲಯದಲ್ಲಿ ಮೂವರು ವಿದ್ಯಾರ್ಥಿಗಳು ಅಸುನೀಗಿದ ಸಂಗತಿಯನ್ನು ವಾಚಕರು ಮರೆತಿರಲಾರರು. ಕರ್ನಾಟಕದಿಂದ ಪರೀಕ್ಷೆಗೆ ಓದಲು ಬಂದ ಮಕ್ಕಳೂ ಇವೇ ಬೀದಿಗಳಲ್ಲಿ ವಾಸಿಸುತ್ತಾರೆ. ಬೀದಿಯ ಯಾವ ಭಾಗ ತಗ್ಗು, ನೀರು ಯಾವ ಬಾಗಿಲ ಕಡೆಗೆ ಹರಿಯುತ್ತದೆ ಎಂಬುದು ಇಲ್ಲಿ ಪ್ರಾಣದ ಪ್ರಶ್ನೆ. ಉತ್ತರವಿರುವುದು ಒಂದು ಗೇಣಿನ ವ್ಯತ್ಯಾಸದಲ್ಲಿ. ಅಷ್ಟು ಸೂಕ್ಷ್ಮವಾಗಿ ನೆಲವನ್ನು ಅಳೆಯುವ ಒಂದು ಉಪಾಯವನ್ನು ಸಂಗ್ರಹವಾಗಿ ತಿಳಿಸುತ್ತೇವೆ.

ನಮ್ಮ ಜೇಬಿನ ಮೊಬೈಲ್ ಫೋನೂ ಉಪಗ್ರಹಗಳ ಸಂಕೇತವನ್ನು ಕೇಳಿಯೇ ತಾನಿರುವ ಸ್ಥಳವನ್ನು ಹೇಳುತ್ತದೆ. ಆದರೆ ಆ ಉಪಗ್ರಹಗಳಿರುವುದು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ. ಸಂಕೇತವು ವಾಯುಮಂಡಲವನ್ನು ದಾಟುವಾಗ ಅತ್ಯಲ್ಪ ತಡವಾಗುತ್ತದೆ; ಉಪಗ್ರಹದ ಗಡಿಯಾರದಲ್ಲಿಯೂ ಪಥದ ಲೆಕ್ಕದಲ್ಲಿಯೂ ಸ್ವಲ್ಪ ತಪ್ಪಿರುತ್ತದೆ. ಇವೆಲ್ಲ ಸೇರಿ ಕೆಲವು ಮೀಟರುಗಳಷ್ಟು ವ್ಯತ್ಯಾಸವಾಗುತ್ತದೆ. ದಾರಿ ಹುಡುಕಲು ಇದು ಸಾಕು. ಚರಂಡಿಯ ಇಳಿಜಾರನ್ನು ನೋಡಲು ಸಾಲದು.

ತಕ್ಕಡಿ ಸರಿಯಿಲ್ಲವೆಂದು ಶಂಕೆ ಬಂದರೆ ಏನು ಮಾಡುತ್ತೇವೆ? ತೂಕ ಗೊತ್ತಿರುವ ಒಂದು ಬಟ್ಟನ್ನು ಇಟ್ಟು ನೋಡುತ್ತೇವೆ. ಎಷ್ಟು ತಪ್ಪುತ್ತದೆಂದು ತಿಳಿದರೆ ಉಳಿದ ತೂಕಗಳನ್ನು ತಿದ್ದಿಕೊಳ್ಳಬಹುದು. ಇಲ್ಲಿಯೂ ಹಾಗೆಯೇ. ಸ್ಥಾನ ಗೊತ್ತಿರುವ ಒಂದು ಕಡೆ ಒಂದು ಯಂತ್ರವನ್ನು ಅಲುಗಾಡದಂತೆ ನಿಲ್ಲಿಸುತ್ತಾರೆ. ಇದು ಸ್ಥಿರ ಕೇಂದ್ರ. ಇನ್ನೊಂದು ಯಂತ್ರವನ್ನು ಕೋಲಿನ ತುದಿಗೆ ಕಟ್ಟಿ ಬೀದಿಯಲ್ಲಿ ಕೊಂಡೊಯ್ಯುತ್ತಾರೆ, ಇದು ಸಂಚಾರಿ. ಕೆಲವು ಕಿಲೋಮೀಟರುಗಳೊಳಗೆ ಎರಡಕ್ಕೂ ಬಹುಮಟ್ಟಿಗೆ ಒಂದೇ ತಪ್ಪು ಬರುತ್ತದೆ. ಆದರೆ ಈ ತಪ್ಪು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಸ್ಥಿರ ಕೇಂದ್ರವು ತಾನು ಕೇಳಿದ್ದನ್ನೂ ತನ್ನ ನಿಜವಾದ ಸ್ಥಾನವನ್ನೂ ಆಗಿಂದಾಗ್ಗೆ ಸಂಚಾರಿಗೆ ತಿಳಿಸುತ್ತಿರಬೇಕು. ಎರಡು ರೇಡಿಯೋಗಳು ಬೇಕಾಗುವುದು ಇದಕ್ಕಾಗಿ: ಹೇಳುವುದಕ್ಕೊಂದು, ಕೇಳುವುದಕ್ಕೊಂದು.

ಕೇಂದ್ರಕ್ಕೆ ಆಕಾಶವು ಎಲ್ಲ ಕಡೆಗೂ ಕಾಣುವ ಸ್ಥಳ ಬೇಕು. ನಮ್ಮ ಬಡಾವಣೆಯಲ್ಲಿ ಅದು ಎತ್ತರದ ಮನೆಯ ತಾರಸಿಯೇ ಸರಿ. ನೀರಿನ ಟ್ಯಾಂಕು, ತಗಡಿನ ಮಾಡು ಮುಂತಾದವುಗಳಿಂದ ದೂರವಿರಬೇಕು. ಅವುಗಳಿಗೆ ತಾಗಿ ಮರಳಿದ ಸಂಕೇತವು ಯಂತ್ರವನ್ನು ದಾರಿತಪ್ಪಿಸುತ್ತದೆ. ರೇಡಿಯೋದ ಏರಿಯಲ್ಲನ್ನು ಉಪಗ್ರಹದ ಏರಿಯಲ್ಲಿನಿಂದ ಕೆಲವು ಮೀಟರ್ ಆಚೆಗಿಡಬೇಕು. ಏರಿಯಲ್ ಜೋಡಿಸದೆ ರೇಡಿಯೋಗೆ ವಿದ್ಯುತ್ತು ಕೊಡಬಾರದು. ಕೊಟ್ಟರೆ ಅದು ಕೆಡುವ ಸಂಭವವುಂಟು.

ಎರಡು ರೇಡಿಯೋಗಳಿಗೂ ಒಂದೇ ತರಂಗ, ಒಂದೇ ವೇಗ, ಒಂದೇ ಗುರುತಿನ ಸಂಖ್ಯೆ ಇರಬೇಕು. ಒಂದು ತಪ್ಪಿದರೂ ಮಾತುಕತೆ ನಡೆಯದು. ಕೊಳ್ಳುವಾಗಲೂ ಎಚ್ಚರ ಬೇಕು. ಅಮೆರಿಕದವರಿಗಾಗಿ ತಯಾರಾದ 915 ಮೆಗಾಹರ್ಟ್ಸ್ ರೇಡಿಯೋ ಇಲ್ಲಿ ಮೊಬೈಲ್ ಫೋನಿನ ತರಂಗಗಳಿಗೆ ಅಡ್ಡಬರುತ್ತದೆ. ನಮ್ಮ ದೇಶದಲ್ಲಿ, ನಿಯಮಿತ ಶಕ್ತಿಯೊಳಗೆ, ಪರವಾನಗಿ ಇಲ್ಲದೆ ಬಳಸಬಹುದಾದುದು 865ರಿಂದ 868ರವರೆಗಿನ ಪಟ್ಟಿ.

ಇನ್ನು ಮುಖ್ಯವಾದ ಮಾತು. ಕೇಂದ್ರವು ತನ್ನ ಸ್ಥಾನವನ್ನು ತಪ್ಪಾಗಿ ತಿಳಿದಿದ್ದರೆ ಸಂಚಾರಿಯ ಎಲ್ಲ ಅಳತೆಗಳೂ ಅಷ್ಟೇ ಜರುಗುತ್ತವೆ. ರೇಡಿಯೋ ಎಷ್ಟು ಚೆನ್ನಾಗಿದ್ದರೂ ತಪ್ಪನ್ನು ತಿದ್ದಲಾರದು, ತಲುಪಿಸಬಲ್ಲುದು ಅಷ್ಟೆ. ಒಂದು ದಿನದ ಅಳತೆಯಲ್ಲಿ ಇದು ತಿಳಿಯುವುದೇ ಇಲ್ಲ, ಏಕೆಂದರೆ ಎಲ್ಲ ಬಿಂದುಗಳೂ ಒಟ್ಟಿಗೆ ಜರುಗಿರುವುದರಿಂದ ಇಳಿಜಾರು ಸರಿಯಾಗಿಯೇ ಕಾಣುತ್ತದೆ. ಮರುದಿನ ಕೇಂದ್ರವನ್ನು ಬೇರೆಡೆ ಇಟ್ಟಾಗ ಎರಡು ದಿನದ ಲೆಕ್ಕಗಳು ಕೂಡಿಬರುವುದಿಲ್ಲ. ಆದ್ದರಿಂದ ತಾರಸಿಯಲ್ಲಿ ಒಂದು ಮೊಳೆ ಹೊಡೆದು ಗುರುತು ಮಾಡಿ, ಪ್ರತಿ ಸಲವೂ ಅದರ ಮೇಲೆಯೇ ಯಂತ್ರವನ್ನು ನಿಲ್ಲಿಸಿ, ಏರಿಯಲ್ಲಿನ ಎತ್ತರವನ್ನು ಬರೆದಿಡಬೇಕು. ಆ ಗುರುತಿನ ನಿಜಸ್ಥಾನವನ್ನು ಸರ್ವೆ ಆಫ್ ಇಂಡಿಯಾದವರು ದೇಶದಲ್ಲಿ ಸ್ಥಾಪಿಸಿರುವ ಕಾಯಂ ಕೇಂದ್ರಗಳ ಸಹಾಯದಿಂದ ಕಂಡುಕೊಳ್ಳಬಹುದು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಕರ್ನಾಟಕದ ಹಳ್ಳಿಮನೆಗಳ ಗಡಿಗಳನ್ನು ಡ್ರೋನಿನಿಂದ ಅಳೆದಾಗಲೂ ಇಂಥ ಕೇಂದ್ರಗಳೇ ಆಧಾರವಾದುವು.

ಎತ್ತರದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಪಗ್ರಹದ ಲೆಕ್ಕದ ಎತ್ತರವೂ ಸಮುದ್ರಮಟ್ಟದಿಂದ ಎಣಿಸುವ ಎತ್ತರವೂ ಒಂದಲ್ಲ. ದೆಹಲಿಯಲ್ಲಿ ಅವುಗಳ ಅಂತರ ಸುಮಾರು 50 ಮೀಟರ್. ನಗರದ ಚರಂಡಿಯ ನಕ್ಷೆಯೊಡನೆ ಹೋಲಿಸುವ ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕು.

ಸಂಚಾರಿಯ ಪರದೆಯ ಮೇಲೆ "ಫಿಕ್ಸ್" ಎಂದು ಬಂದಾಗ ಮಾತ್ರ ಅಳತೆಯನ್ನು ಬರೆದುಕೊಳ್ಳತಕ್ಕದ್ದು. ಆಗ ತಪ್ಪು ಒಂದೆರಡು ಸೆಂಟಿಮೀಟರ್, ಎತ್ತರದಲ್ಲಿ ಇನ್ನೂ ಸ್ವಲ್ಪ ಹೆಚ್ಚು. "ಫ್ಲೋಟ್" ಎಂದಿದ್ದರೆ ಕಾಯಬೇಕು. ಎರಡು ಕಡೆಯೂ ನಾಲ್ಕಂತಸ್ತಿನ ಮನೆಗಳಿರುವ ಓಣಿಗಳಲ್ಲಿ ಎಷ್ಟು ಕಾದರೂ ಅದು ಬಾರದಿರಬಹುದು. ಅಲ್ಲಿ ಓಣಿಯ ಬಾಯಲ್ಲಿ ಒಂದು ಬಿಂದುವನ್ನು ಗಟ್ಟಿಮಾಡಿಕೊಂಡು, ಒಳಗೆ ಹಳೆಯ ಲೆವೆಲ್ ಯಂತ್ರದಿಂದಲೇ ಮುಂದುವರಿಯುವುದು ಮೇಲು. ಹೀಗೆ ಬೀದಿಬೀದಿಯ ಮಟ್ಟವನ್ನು ಬರೆದ ಒಂದು ಪಟ್ಟಿ ಸಿದ್ಧವಾದರೆ, ಯಾವ ನೆಲಮಾಳಿಗೆಯ ಬಾಗಿಲು ಬೀದಿಗಿಂತ ಎಷ್ಟು ಕೆಳಗಿದೆಯೆಂಬುದನ್ನು ಮಳೆಗಾಲಕ್ಕೆ ಮೊದಲೇ ಅಂಕಿಯಲ್ಲಿ ತೋರಿಸಬಹುದು.